ಪಕ್ಕದ ಮನೆಯ ಹೆಗಲು

ಶನಿವಾರ ಬೆಳಿಗ್ಗೆ ಕಡಲಂಚಿನ ಹಳ್ಳಿ ಕ್ರೇಕೆರ್ಕದ ಬ್ರೆಡ್ ಅಂಗಡಿಯಲ್ಲಿ ಮಾತಿಗೆ ಬರವಿರುತ್ತಿರಲಿಲ್ಲ. ವಾರವೆಲ್ಲ ಹೊಲದಲ್ಲಿ ಒಬ್ಬೊಬ್ಬರೇ ಇದ್ದು ಬಾಯಿ ಕಟ್ಟಿದಂತಾದವರು ಅಲ್ಲಿ ಸಾಲಿನಲ್ಲಿ ನಿಂತು ಆಲೂಗಡ್ಡೆಯ ಬೆಲೆ, ಗಾಳಿಯ ದಿಕ್ಕು, ಪಾದ್ರಿಗಳ ಕೆಮ್ಮು ಎಲ್ಲವನ್ನೂ ಬಿಡಿಸಿ ಹರಡುತ್ತಿದ್ದರು. ಅರವತ್ತೇಳರ ಮರಿನಿಸ್ ಬೋಗರ್ತ್‌ನಿಗೆ, ಹೆಂಡತಿ ತೀರಿಕೊಂಡ ಮೇಲೆ, ಮನುಷ್ಯರ ದನಿ ಹೊಟ್ಟೆತುಂಬ ಕೇಳಲು ಸಿಗುತ್ತಿದ್ದುದು ಅಲ್ಲಿ ಮಾತ್ರ. ಅದಕ್ಕಾಗಿ ಅವನು ಬೇಕೆಂದೇ ಸಾಲು ಉದ್ದವಾಗಿರುವ ಹೊತ್ತಿಗೆ ಹೋಗುತ್ತಿದ್ದ.

ಆ ದಿನವೂ ಅಂಗಡಿ ಗಿಜಿಗುಡುತ್ತಿತ್ತು. ಬಾಗಿಲ ಗಂಟೆ ಕಿಣಿಗುಟ್ಟಿತು. ಲೌರಿನಾ ಒಳಗೆ ಬಂದಳು. ಮಾತೆಲ್ಲ ಒಮ್ಮೆಗೇ ನಿಂತುಹೋಯಿತು.

ಅವಳು ಸಾಲಿನ ಕೊನೆಯಲ್ಲಿ ನಿಂತಳು. ಟ್ರ್ಯಾಕ್ಟರ್ ರಿಪೇರಿ ಮಾಡುವ ಕ್ರೈನ್ ಕಿಟಕಿಯ ಕಡೆ ಮುಖ ಮಾಡಿ, "ಎಲ್ಲಿಂದಲೋ ಉಪ್ಪುನೀರಿನ ವಾಸನೆ ಬರ್ತಿದೆಯಪ್ಪ" ಎಂದ. ಒಬ್ಬಿಬ್ಬರು ಮೂಗಿನಲ್ಲೇ ನಕ್ಕರು. ಅವಳ ಸರದಿ ಬಂದಾಗ ಅಂಗಡಿಯ ಹುಡುಗಿ ಏನು ಬೇಕೆಂದು ಕೇಳದೆ ಒಂದು ಕಂದು ಬ್ರೆಡ್ಡು ತೆಗೆದಿಟ್ಟಳು. ಲೌರಿನಾ "ಬರ್ತೀನಿ" ಎಂದಳು, ಯಾರಿಗೆಂದು ಇಲ್ಲ. ಮರಿನಿಸ್ ಗಾಜಿನ ಪೆಟ್ಟಿಗೆಯೊಳಗಿನ ದಾಲ್ಚಿನ್ನಿ ಬನ್ನುಗಳನ್ನು ಎಂದೂ ಕಂಡಿಲ್ಲದವನಂತೆ ನೋಡುತ್ತ ನಿಂತಿದ್ದ. ಅವನ ಮನೆಗೂ ಅವಳ ಮನೆಗೂ ನಡುವೆ ಇದ್ದುದು ಒಂದು ಕಾಲುವೆ, ಅದರ ಮೇಲೊಂದು ಹಲಗೆ. ಇಬ್ಬರೂ ಹುಟ್ಟಿದಂದಿನಿಂದ ನೆರೆಯವರು.

ಈ ಬಹಿಷ್ಕಾರಕ್ಕೆ ಎರಡು ವರ್ಷ ತುಂಬಿತ್ತು. ಇಂಥವರ ಜತೆ ಮಾತು ಬಿಡಿ ಎಂದು ಯಾರೂ ಡಂಗುರ ಸಾರಿರಲಿಲ್ಲ. ಆದರೆ ಅದಕ್ಕೆ ಮೊದಲ ಕಲ್ಲು ಇಟ್ಟವನು ತಾನೇ ಎಂಬುದು ಮರಿನಿಸ್‌ನಿಗೆ ಗೊತ್ತಿತ್ತು.

ಕ್ರೇಕೆರ್ಕದ ಹೊಲಗಳೆಲ್ಲ ಒಂದು ಕಾಲಕ್ಕೆ ಕಡಲಿನವೇ. ಅಜ್ಜಂದಿರ ಅಜ್ಜಂದಿರು ಒಡ್ಡು ಹಾಕಿ, ನೀರು ಬಸಿದು, ನೆಲ ಮಾಡಿಕೊಂಡದ್ದು. ಸಾವಿರದ ಒಂಬೈನೂರ ಐವತ್ಮೂರರ ಫೆಬ್ರವರಿಯ ಒಂದು ರಾತ್ರಿ ಕಡಲು ಆ ಒಡ್ಡನ್ನು ಒಡೆದು ಒಳಗೆ ಬಂತು. ಮರಿನಿಸ್‌ನ ಮನೆ ಮೊದಲ ಹೊಡೆತಕ್ಕೇ ಕುಸಿಯಿತು. ಅವನಪ್ಪ ಏಳು ವರ್ಷದ ಅವನನ್ನು ಎಳೆದುಕೊಂಡು ಲೌರಿನಾಳ ಮನೆಯ ಮಾಡು ಹತ್ತಿದ. ಲೌರಿನಾಳ ತಾಯಿ ಕಿಟಕಿಯಿಂದ ಮೊದಲು ಮಗಳನ್ನು, ಆಮೇಲೆ ರಜಾಯಿಯಲ್ಲಿ ಸುತ್ತಿದ ಕೈಗೂಸನ್ನು ಮೇಲಕ್ಕೆ ದಾಟಿಸಿದಳು. ತಾನು ಹತ್ತಲು ಆಗಲಿಲ್ಲ. ದೋಣಿ ಬರುವವರೆಗೂ ಆ ಕೂಸನ್ನು ಇಬ್ಬರು ಮಕ್ಕಳು ಎದೆಗವಚಿಕೊಂಡು ಕೂತರು. ಅವಳ ಕೈ ಮರಗಟ್ಟಿದಾಗ ಇವನಿಗೆ, ಇವನ ಕೈ ಮರಗಟ್ಟಿದಾಗ ಅವಳಿಗೆ. ಕೂಸು ಬದುಕಿತು. ಅವನೇ ಯೋಬ್. ಬೆಳೆದ ಮೇಲೂ ಯೋಬ್‌ನ ಬುದ್ಧಿ ಎಂಟು ಹತ್ತರ ಮಗುವಿನದಾಗಿಯೇ ಉಳಿಯಿತು. ಆ ದಿನದ ಚಳಿ ತಲೆಗೆ ಹತ್ತಿತು ಎಂದು ಊರು ಹೇಳುತ್ತಿತ್ತು. ಲೌರಿನಾ ಮದುವೆಯ ಮಾತೆತ್ತಲಿಲ್ಲ. ಅಪ್ಪನ ಹೊಲ ಮಾಡಿಕೊಂಡು, ತಮ್ಮನನ್ನು ನೋಡಿಕೊಂಡು ಇದ್ದುಬಿಟ್ಟಳು.

ಹೀಗಿರುವಾಗ ಒಡ್ಡು ಕಾಲುವೆಗಳ ಉಸ್ತುವಾರಿ ನೋಡುವ ನೀರಿನ ಮಂಡಳಿಯವರು ಬಂದರು. ಕಡಲು ಏರುತ್ತಿದೆ, ಹಳೆಯ ಒಡ್ಡಿನ ಕೆಳಗಿನ ಮೆತ್ತನೆ ನೆಲ ಇನ್ನಷ್ಟು ಭಾರ ಹೊರಲಾರದು ಎಂದರು. ಒಳಗಡೆ ಅಗಲವಾದ ಹೊಸ ಒಡ್ಡು ಕಟ್ಟಿ, ಹಳೆಯದನ್ನು ಒಂದು ಕಡೆ ತೆರೆದು, ನಡುವಿನ ಹೊಲಗಳನ್ನು ಉಬ್ಬರಕ್ಕೆ ಬಿಟ್ಟುಕೊಡುವುದು ಅವರ ಯೋಜನೆ. ನೀರು ಹೊತ್ತು ತರುವ ಹೂಳು ನಿಂತು, ಹುಲ್ಲು ಹಿಡಿದು, ಮತ್ತೆ ಜೌಗಾಗುತ್ತದೆ; ಆ ಜೌಗೇ ಅಲೆಯ ಸೊಕ್ಕು ಮುರಿಯುತ್ತದೆ ಎಂದು ಅವರ ಲೆಕ್ಕ. ನಡುವಿನ ಹೊಲಗಳಲ್ಲಿ ಮುಕ್ಕಾಲು ಪಾಲು ಲೌರಿನಾಳದು. ಅವಳು ಒಪ್ಪದಿದ್ದರೆ ಯೋಜನೆ ಅಲ್ಲಿಗೇ ನಿಲ್ಲುತ್ತಿತ್ತು. ಅವಳು ಒಪ್ಪಿದಳು.

ಚರ್ಚಿನ ಸಭಾಂಗಣದಲ್ಲಿ ಊರು ಸೇರಿತು. ಕ್ರೈನ್ ಎದ್ದು, ದೊಡ್ಡ ಹಡಗುಗಳಿಗಾಗಿ ನದೀಮುಖವನ್ನು ಆಳ ಮಾಡಿದವರು ಯಾರೋ, ಹೊಲ ಕಳೆದುಕೊಳ್ಳುವವರು ನಾವು, ಇದು ಯಾವ ನ್ಯಾಯ ಎಂದು ಕೇಳಿದ. ಅದು ಸುಳ್ಳೇನಲ್ಲ. ಇನ್ನೊಬ್ಬ, ಗೋಧಿ ಬೆಳೆಯುವ ನೆಲವನ್ನು ಹಕ್ಕಿಗಳಿಗೆ ಕೊಟ್ಟು ನಾವು ಗಾಳಿ ತಿನ್ನೋಣವೇ ಎಂದ. ಲೌರಿನಾ ಉತ್ತರ ಹೇಳಲು ಎದ್ದಳು. ಹೊರಗಿನ ಜೌಗಿನ ನೆಲ ವರ್ಷ ವರ್ಷ ಎತ್ತರವಾಗುತ್ತಿದೆ, ಒಡ್ಡಿನೊಳಗಿನ ನಮ್ಮ ಹೊಲ ಕುಗ್ಗುತ್ತಿದೆ, ಒಡ್ಡಿನ ಮೇಲೆ ನಿಂತು ಎರಡೂ ಕಡೆ ನೋಡಿದರೆ ಕುರುಡನಿಗೂ ಕಾಣುತ್ತದೆ ಎಂದಳು. ಆಗ ಮರಿನಿಸ್ ಎದ್ದ. ಅವನಿಗೆ ಭಯವಾಗಿತ್ತು, ಭಯ ಸಿಟ್ಟಿನ ಬಟ್ಟೆ ತೊಟ್ಟು ಬಂತು.

"ನಿನ್ನಮ್ಮನ್ನ ನುಂಗಿದ ನೀರಿಗೆ ನೀನೇ ಬಾಗಿಲು ತೆಗೀತೀಯಲ್ಲ, ಲೌರಿನಾ. ನಿನ್ನ ಮುಖ ನೋಡೋದೂ ಬೇಡ ನಮಗೆ."

ಅವಳು ಮೇಜಿನ ಅಂಚು ಹಿಡಿದು ನಿಂತಿದ್ದಳು.

"ಬಾಗಿಲು ಇರಲಿಲ್ಲ ಅಂತಲೇ ಅದು ಗೋಡೆ ಒಡ್ಕೊಂಡು ಬಂತು, ಮರಿನಿಸ್" ಎಂದಳು. ಯೋಬ್‌ನ ಕೈ ಹಿಡಿದುಕೊಂಡು ಹೊರಟುಹೋದಳು.

ಮಾರನೆಯ ವಾರದಿಂದ ಅವಳ ಮುಖ ಯಾರೂ ನೋಡಲಿಲ್ಲ.

ಮೊದಮೊದಲು ಮರಿನಿಸ್‌ನಿಗೆ ಗೆದ್ದ ಹಾಗನಿಸಿತು. ಆಮೇಲೆ ಭಾನುವಾರಗಳು ಬಂದವು. ಅರ್ಧ ಆಯುಷ್ಯ ಭಾನುವಾರದ ಕಾಫಿಯನ್ನು ಅವನು ಅವಳ ಅಡುಗೆಮನೆಯಲ್ಲೇ ಕುಡಿದಿದ್ದ; ಹೆಂಡತಿ ಇದ್ದಾಗ ಇಬ್ಬರೂ ಹೋಗುತ್ತಿದ್ದರು. ಈಗ ಒಬ್ಬನೇ ಕಾಫಿ ಮಾಡಿಕೊಂಡು, ಒಬ್ಬನೇ ಕುಡಿದು, ಒಂದೇ ಕಪ್ಪನ್ನು ತೊಳೆದು ಕವುಚಿಡುತ್ತಿದ್ದ. ಬಟಾಣಿ ಸಾರು ಒಮ್ಮೆ ಮಾಡಿದರೆ ಐದು ದಿನ ಅದೇ. ರೇಡಿಯೋ ಹಾಕಿದರೆ ಇನ್ನೂ ಒಂಟಿಯೆನಿಸುತ್ತಿತ್ತು. ಅದರೊಳಗಿನವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿದ್ದರು.

ಯೋಬ್‌ನಿಗೆ ಈ ಮಾತು ಬಿಡುವುದೆಲ್ಲ ತಿಳಿಯುತ್ತಿರಲಿಲ್ಲ. ಅವನು ದಿನವೂ ಬೆಳಿಗ್ಗೆ ಹಕ್ಕಿ ನೋಡಲು ಹೊರಟವನು ಕಾಲುವೆಯ ಆಚೆ ನಿಂತು, ಕೈ ಮೇಲೆತ್ತಿ ಬೀಸುತ್ತಿದ್ದ. ಮೊದಲ ತಿಂಗಳು ಮರಿನಿಸ್ ಅತ್ತಿತ್ತ ನೋಡಿ, ಯಾರೂ ಇಲ್ಲವೆಂದಾದರೆ ಒಂದು ಬೆರಳಷ್ಟೇ ಎತ್ತುತ್ತಿದ್ದ. ಬರುಬರುತ್ತ ಅದನ್ನೂ ಬಿಟ್ಟ. ಯೋಬ್ ಮಾತ್ರ ಬಿಡಲಿಲ್ಲ. ಇವನು ಬೆನ್ನು ತಿರುಗಿಸಿ ನಿಂತಿದ್ದರೂ ಬೆನ್ನಿಗೇ ಕೈ ಬೀಸಿ ಹೋಗುತ್ತಿದ್ದ.

ಇನ್ನೊಂದು ಸಂಗತಿಯನ್ನೂ ಮರಿನಿಸ್ ಬಾಯಿ ಬಿಟ್ಟು ಹೇಳಿರಲಿಲ್ಲ. ಕಾಲುವೆಯ ಮಗ್ಗುಲಿನ ಅವನ ಸಾಲುಗಳಲ್ಲಿ ಆಲೂಗಡ್ಡೆ ಗಿಡ ಮೊಳಕಾಲೆತ್ತರ ಬರುವ ಮೊದಲೇ ಅಂಚು ಸುಟ್ಟ ಹಾಗೆ ಕಂದಾಗಿ ಕುಸಿಯುತ್ತಿತ್ತು. ಒಡ್ಡಿನಡಿಯಿಂದ ಉಪ್ಪು ಸದ್ದಿಲ್ಲದೆ ಜಿನುಗಿ ಬರುತ್ತಿತ್ತು. ಒಂದು ಬೇಸಿಗೆ ಕಾಲುವೆಯ ದಂಡೆಯಲ್ಲಿ, ಕಡಲ ಜೌಗಿನಲ್ಲಿ ಬಿಟ್ಟರೆ ಇನ್ನೆಲ್ಲೂ ಹುಟ್ಟದ, ಗಂಟುಗಂಟಾದ ಹಸಿರು ಉಪ್ಪುಸೊಪ್ಪು ತಲೆಯೆತ್ತಿತು. ಅವನು ಅದನ್ನು ಬೇರುಸಹಿತ ಕಿತ್ತು ಗೊಬ್ಬರದ ಗುಂಡಿಗೆ ಹಾಕಿದ. ಒಣಗಿದ ಸಾಲುಗಳನ್ನು ಯಾರ ಕಣ್ಣಿಗೂ ಬೀಳುವ ಮೊದಲೇ ಉತ್ತುಬಿಡುತ್ತಿದ್ದ.

ಹೊಸ ಒಡ್ಡು ಏಳುತ್ತಿತ್ತು. ಹಗಲೆಲ್ಲ ಅಗೆಯುವ ಯಂತ್ರಗಳ ಗುಡುಗುಡು. ಬಹಿಷ್ಕಾರಕ್ಕೆ ಎರಡು ವರ್ಷ ತುಂಬಿದ ಆ ಫೆಬ್ರವರಿಯಲ್ಲಿ ಯೋಬ್ ಚಳಿಜ್ವರ ಹಿಡಿದು ಮಲಗಿದವನು ಮೇಲೇಳಲಿಲ್ಲ.

ಸುದ್ದಿ ಮರಿನಿಸ್‌ನಿಗೆ ಪಾದ್ರಿಗಳಿಂದ ತಿಳಿಯಿತು. ಕ್ರೇಕೆರ್ಕದಲ್ಲಿ ಸತ್ತವರನ್ನು ಹೊರುವುದು ನೆರೆಹೊರೆಯವರ ಕೆಲಸ. ಬಾಡಿಗೆಯವರು ಹೊತ್ತ ನೆನಪು ಯಾರಿಗೂ ಇಲ್ಲ. ಆರು ಹೆಗಲು. ಅದರಲ್ಲಿ ಎಡಗಡೆಯ ಮೊದಲ ಹೆಗಲು ತೀರ ಪಕ್ಕದ ಮನೆಯವರದು. ಮರಿನಿಸ್‌ನ ಹೆಂಡತಿ ಹೋದಾಗ ಆ ಜಾಗದಲ್ಲಿ ಯೋಬ್ ನಿಂತಿದ್ದ, ಅಕ್ಕ ಇಸ್ತ್ರಿ ಹಾಕಿಕೊಟ್ಟ ಅಂಗಿ ತೊಟ್ಟು, ತುಟಿ ಬಿಗಿಹಿಡಿದು, ಒಂದು ಹೆಜ್ಜೆಯೂ ತಪ್ಪದೆ.

ಸಂಜೆ ಕ್ರೈನ್ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತ.

"ಯಾರೂ ಹೋಗ್ತಿಲ್ಲ" ಎಂದ. "ಯೋಬ್ ಪಾಪದವನು, ಅದು ನಂಗೂ ಗೊತ್ತು. ಆದ್ರೆ ಈಗ ಹೋದ್ರೆ ಅವಳು ಮಾಡಿದ್ದು ಸರಿ ಅಂದ ಹಾಗಾಗುತ್ತೆ. ನಮ್ಮ ಹೊಲ ಬೇಡ ಅಂದವಳಿಗೆ ನಮ್ಮ ಹೆಗಲು ಯಾಕೆ?"

ಮರಿನಿಸ್ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯದು.

ಹೂಳುವ ದಿನ ಬೆಳಿಗ್ಗೆ ಅವನು ಎದ್ದು, ಮುಖಕ್ಷೌರ ಮಾಡಿಕೊಂಡು, ಕಪ್ಪು ಕೋಟು ತೊಟ್ಟ. ಎಲ್ಲಿಗೆ ಎಂದು ತನ್ನನ್ನು ತಾನು ಕೇಳಿಕೊಳ್ಳಲಿಲ್ಲ. ಕೋಟು ತೊಟ್ಟವನು ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತ. ಕಾಲುವೆಯಾಚೆ ಅವಳ ಅಂಗಳ ಪೂರ್ತಿ ಕಾಣುತ್ತಿತ್ತು. ಎರಡು ಎತ್ತರದ ಮರದ ಪೀಠಗಳ ಮೇಲೆ ಶವಪೆಟ್ಟಿಗೆ. ಪಾದ್ರಿಗಳು. ಲೌರಿನಾ. ಇನ್ನು ಯಾರೂ ಇಲ್ಲ.

ಆಮೇಲೆ ಹೊಸ ಒಡ್ಡಿನ ಕಡೆಯಿಂದ ಐದು ಜನ ನಡೆದು ಬಂದರು. ಯಂತ್ರ ನಡೆಸುವವರು, ದೂರದ ಊರಿನವರು. ಅಂಗಳದ ಬೇಲಿಯ ಬಳಿ ನಿಂತು ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ಬಿಚ್ಚಿ ಬೇಲಿಗೆ ನೇತುಹಾಕಿದರು. ಬೂಟಿನ ಕೆಸರನ್ನು ಹುಲ್ಲಿಗೆ ಒರೆಸಿಕೊಂಡರು. ಒಬ್ಬ ತನ್ನ ತಲೆಗೂದಲನ್ನು ಉಗುಳು ಹಚ್ಚಿ ಸರಿಮಾಡಿಕೊಂಡ. ಲೌರಿನಾ ಅವರಿಗೆ ಎಲ್ಲಿ ನಿಲ್ಲಬೇಕೆಂದು ತೋರಿಸಿದಳು. ಬಲಗಡೆ ಮೂವರು, ಎಡಗಡೆ ಇಬ್ಬರು. ಎಡಗಡೆಯವರಲ್ಲಿ ಒಬ್ಬ ನಡುವಿಗೆ, ಇನ್ನೊಬ್ಬ ಹಿಂದಕ್ಕೆ ನಿಂತ. ಮುಂದಿನ ಜಾಗ ಖಾಲಿ ಉಳಿಯಿತು. ಅವರ ಮೇಸ್ತ್ರಿ ಅವಳಿಗೆ ಏನೋ ಹೇಳಿದ, ನಡುವಿನವನನ್ನು ಮುಂದಕ್ಕೆ ಬರಲು ಸನ್ನೆ ಮಾಡಿದ. ಅವಳು ಬೇಡವೆಂದು ತಲೆಯಾಡಿಸಿದಳು.

ಪೆಟ್ಟಿಗೆ ಮೇಲೆದ್ದಿತು. ಎದ್ದದ್ದೇ ಎಡ ಮೂಲೆ ಕೆಳಕ್ಕೆ ವಾಲಿತು. ಐವರೂ ತಡಬಡಾಯಿಸಿ ಹೇಗೋ ಸಂಭಾಳಿಸಿದರು.

ಮರಿನಿಸ್ ಮನೆಯಿಂದ ಹೊರಬಿದ್ದದ್ದು ಅವನಿಗೆ ಆಮೇಲೆ ನೆನಪಾಗಲಿಲ್ಲ. ಹಲಗೆ ದಾಟಿದ್ದು ನೆನಪಿತ್ತು. ಎರಡು ವರ್ಷ ಯಾರೂ ಮೆಟ್ಟದೆ ಅದರ ಮೇಲೆ ಪಾಚಿ ಬೆಳೆದು ಕಾಲು ಜಾರಿತು. ಅವನು ಅಂಗಳಕ್ಕೆ ಬಂದ. ಅವನು ಬಾಗಿ, ಎಡಗಡೆ ಮುಂದೆ, ಹೆಗಲು ಕೊಟ್ಟ. ಪೆಟ್ಟಿಗೆ ಸಮನಾಯಿತು. ಮೇಸ್ತ್ರಿ ಲೌರಿನಾಳ ಕಡೆ ನೋಡಿದ. ಅವಳು ಹೊರಡಿ ಎಂಬಂತೆ ಕೈ ಮಾಡಿದಳು.

ಚರ್ಚಿನವರೆಗೆ ಹಳೆಯ ಒಡ್ಡಿನ ಮೇಲೇ ದಾರಿ. ಗಾಳಿ ಎದುರಿಗಿತ್ತು. ಊರಿನ ಕಿಟಕಿಗಳ ಪರದೆಗಳು ಅಲ್ಲಲ್ಲಿ ಅಲುಗಿದವು. ಪೆಟ್ಟಿಗೆಯ ಅಂಚು ಕೊರಳಿಗೆ ಒತ್ತುತ್ತಿದ್ದಾಗ ಮರಿನಿಸ್‌ನಿಗೆ ರಜಾಯಿಯ ಒದ್ದೆ ಉಣ್ಣೆಯ ವಾಸನೆ ಬಂದ ಹಾಗಾಯಿತು. ಆ ಕೂಸು ಆಗ ಏನೂ ಭಾರವಿರಲಿಲ್ಲ. ಮರಗಟ್ಟಿದರೂ ಏಳು ವರ್ಷದ ಕೈ ಅದನ್ನು ಬಿಟ್ಟಿರಲಿಲ್ಲ. ಕೈ ಬಿಟ್ಟದ್ದು ಈಗ, ದೊಡ್ಡವನಾದ ಮೇಲೆ.

ಮಣ್ಣು ಹಾಕಿಯಾದ ನಂತರ ಯಂತ್ರದವರು ಕೆಲಸಕ್ಕೆ ಮರಳಿದರು. ಲೌರಿನಾ, "ಕಾಫಿ ಇದೆ" ಎಂದಷ್ಟೇ ಹೇಳಿ ಮುಂದೆ ನಡೆದಳು. ಅವನು ಹಿಂದೆ ಹೋದ.

ಅಡುಗೆಮನೆಯಲ್ಲಿ ಅವಳು ಒಣದ್ರಾಕ್ಷಿ ಬ್ರೆಡ್ಡನ್ನು ದಪ್ಪದಪ್ಪವಾಗಿ ಕೊಯ್ದಿಟ್ಟಿದ್ದಳು, ಊರೆಲ್ಲ ಬರುತ್ತದೆ ಎಂಬಂತೆ. ಇಬ್ಬರಿಗೂ ಕಾಫಿ ಬಗ್ಗಿಸಿದಳು.

"ಕೈ ಎತ್ತಲಿಲ್ಲ ನಾನು" ಎಂದ ಮರಿನಿಸ್. "ಅವನು ದಿನಾ ಎತ್ತುತ್ತಿದ್ದ. ನಾನು ನೋಡಿಯೂ ಎತ್ತಲಿಲ್ಲ."

"ನಿಂಗೆ ಕಣ್ಣು ಮಂದವಾಗಿದೆ ಅಂದ್ಕೊಂಡಿದ್ದ ಅವನು. ಮರಿನಿಸ್‌ಗೆ ಒಂದು ಕನ್ನಡಕ ಕೊಡಿಸ್ಬೇಕು ಅಕ್ಕಾ ಅಂತ ನನ್ನ ತಲೆ ತಿನ್ನೋನು."

ಮರಿನಿಸ್ ನಗಲು ಹೋದ. ನಗು ಅರ್ಧದಲ್ಲಿ ಬೇರೆಯಾಯಿತು. ಅವನು ಮುಖವನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡ. ಲೌರಿನಾ ಎದ್ದು ಹೋಗಿ ಕಾಫಿಪಾತ್ರೆಯನ್ನು ಸುಮ್ಮಸುಮ್ಮನೆ ಒಲೆಯ ಮೇಲೆ ಈಚೆಗೊಮ್ಮೆ ಆಚೆಗೊಮ್ಮೆ ಸರಿಸುತ್ತ ನಿಂತಳು. ಅವನು ಸಮಾಧಾನಕ್ಕೆ ಬಂದ ಮೇಲೆ ತಿರುಗಿ ಬಂದು ಕೂತಳು.

"ಸಭೆಯಲ್ಲಿ ಅಮ್ಮನ ಹೆಸರು ತೆಗೆದೆಯಲ್ಲ, ಅದು ಬೇಡವಾಗಿತ್ತು" ಎಂದಳು. "ಮಿಕ್ಕಿದ್ದು ನೀನು ಏನಂದ್ರೂ ನಂಗೆ ಸಿಟ್ಟಿಲ್ಲ. ಪ್ರವಾಹದ ದಿನ ಬೆಳಗಾದ ಮೇಲೆ ಮಾಡಿನಿಂದ ನೀನೂ ನೋಡಿದ್ದೆ. ಪಶ್ಚಿಮದ ಮೂಲೆಯಲ್ಲಿ ಒಡ್ಡು ನಿಂತಿತ್ತು. ಅಲ್ಲಿ ಮುಂದೆ ಜೌಗಿತ್ತು. ನಮ್ಮ ಮುಂದಿನ ಜೌಗನ್ನ ಮಣ್ಣಿಗಾಗಿ ಅಗೆದು ಹಾಕಿದ್ರು. ಅಲೆ ನೇರವಾಗಿ ಬಂದು ಗುದ್ದಿತು. ಅದನ್ನ ಯೋಚನೆ ಮಾಡ್ತಾನೇ ನಾನು ಮುದುಕಿಯಾದೆ. ಇಷ್ಟು ವರ್ಷ ಉತ್ತ ನೆಲ ಬಿಡೋದು ನಂಗೇನು ಹಬ್ಬವಾ? ಸಹಿ ಹಾಕಿದ ದಿನ ಹೊಲದಲ್ಲಿ ಒಬ್ಬಳೇ ಕೂತು ಅತ್ತೆ. ಹೇಳ್ಕೊಳ್ಳೋಣ ಅಂದ್ರೆ ಈ ಮನೆಗೆ ಯಾರೂ ಬರ್ತಿರಲಿಲ್ಲ."

ಮರಿನಿಸ್ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒಂದೆಡೆ ಗುಡ್ಡೆ ಮಾಡುತ್ತಿದ್ದ.

"ಕಾಲುವೆ ಪಕ್ಕದ ನನ್ನ ಸಾಲು ಉಪ್ಪು ಹಿಡಿದಿದೆ" ಎಂದ. ಇದನ್ನು ಅವನು ಹೇಳಿದ್ದು ಜೀವಮಾನದಲ್ಲಿ ಅದೇ ಮೊದಲು.

"ಗೊತ್ತು. ಬೆಳೆ ನಿಂತಿರೋ ಜೂನಿನಲ್ಲಿ, ಕತ್ತಲೆ ಬಿಡೋ ಮೊದಲೇ ಎದ್ದು ಯಾರಾದ್ರೂ ಹೊಲ ಉಳ್ತಾರಾ?"

"ಗೊತ್ತಿದ್ದೂ ಸಭೆಯಲ್ಲಿ ಹೇಳಲಿಲ್ಲ ನೀನು."

"ಹೇಳ್ಬೇಕಾದೋನು ನೀನು. ನಾನ್ಯಾಕೆ ಹೇಳಲಿ?"

ಮುಂದಿನ ಶನಿವಾರ ಬ್ರೆಡ್ ಅಂಗಡಿಯಲ್ಲಿ ಮರಿನಿಸ್ ಕಾಲಿಟ್ಟಾಗಲೂ ಮಾತು ನಿಂತಿತು. ಬೆನ್ನುಗಳ ನಡುವೆ ನಿಂತು, ಗಾಜಿನ ಪೆಟ್ಟಿಗೆಯನ್ನು ನೋಡುತ್ತ, ಲೌರಿನಾ ಎರಡು ವರ್ಷ ಪ್ರತಿ ವಾರ ಇಲ್ಲಿಗೆ ಹೇಗೆ ಬಂದಳು ಎಂದು ಅವನು ಬೆರಗಾದ. ಬಾರದೆ ಇರಬಹುದಿತ್ತು, ಬ್ರೆಡ್ಡು ಪಕ್ಕದ ಊರಿನಲ್ಲೂ ಸಿಗುತ್ತದೆ.

ಕ್ರೈನ್ ಅವನನ್ನು ಬಾಗಿಲಾಚೆ ತಡೆದು ನಿಲ್ಲಿಸಿದ. ಸಿಟ್ಟಿಗಿಂತ ಹೆಚ್ಚಾಗಿ ಅವನ ಮುಖದಲ್ಲಿ ನೋವಿತ್ತು. "ನೀನೂ ಆ ಕಡೆ ಹೋದೆಯಾ? ಆ ಒಡ್ಡನ್ನ ನಮ್ಮಪ್ಪ ಪ್ರವಾಹ ಆದ ಮೇಲೆ ಮರಳಿನ ಚೀಲ ಹೊತ್ತು ಹೊತ್ತು ಕಟ್ಟಿದ. ಅವನ ಬೆನ್ನು ಆಮೇಲೆ ನೆಟ್ಟಗಾಗಲೇ ಇಲ್ಲ. ಅದನ್ನ ಈಗ ಯಂತ್ರ ತಂದು ಕೆಡವ್ತಾರೆ. ನಾನು ನೋಡ್ತಾ ನಿಲ್ಬೇಕಾ?"

"ನಿನ್ನ ಮಾತು ಸುಳ್ಳು ಅಂತ ನಾನು ಹೇಳಲ್ಲ" ಎಂದ ಮರಿನಿಸ್. "ಹಡಗಿನವರ ವಿಷಯ ನೀನಂದಿದ್ದೂ ನಿಜ. ನಂಗೂ ಹೊಟ್ಟೆ ಉರಿಯುತ್ತೆ. ಆದ್ರೆ ಅವಳ ಮುಖ ನೋಡೋದೂ ಬೇಡ ಅಂದಿದ್ದು ಯಾರು? ನಾನು. ಅದು ತಪ್ಪು, ಕ್ರೈನ್. ಮೇಲೆ ನನ್ನ ಹೊಲಕ್ಕೂ ಉಪ್ಪು ಬಂದಿದೆ. ಬೇಕಾದ್ರೆ ಬಂದು ನೋಡು. ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಯ್ತು."

ಕ್ರೈನ್ ಸೈಕಲ್ ಏರಿದ. ಹೊಲ ನೋಡಲು ಬರಲಿಲ್ಲ.

ಮೇ ತಿಂಗಳಲ್ಲಿ ಹಳೆಯ ಒಡ್ಡು ತೆರೆಯುವ ದಿನ ಬಂತು. ನೀರಿನ ಮಂಡಳಿಯ ಕೆಲವರು, ಒಂದಿಬ್ಬರು ಫೋಟೋದವರು ಬಂದಿದ್ದರು. ಚಿಕ್ಕದೊಂದು ಭಾಷಣ ಮಾಡಿ, ಮಣ್ಣು ಸರಿದು ನೀರು ಕಂಡದ್ದೇ ಚಪ್ಪಾಳೆ ತಟ್ಟಿ, ಗಾಳಿ ತಡೆಯಲಾರದೆ ಕಾರು ಹತ್ತಿದರು. ಹೊಸ ಒಡ್ಡಿನ ಮೇಲೆ ಉಳಿದವರು ಲೌರಿನಾ ಮತ್ತು ಮರಿನಿಸ್. ದೂರದಲ್ಲಿ, ಒಡ್ಡು ತಿರುಗುವ ಕಡೆ, ಸೈಕಲ್ಲಿಗೆ ಒರಗಿ ಒಬ್ಬ ನಿಂತಿದ್ದ. ಕ್ರೈನ್‌ನೇ ಇರಬೇಕು. ಹತ್ತಿರ ಬರಲಿಲ್ಲ, ಹೋಗಲೂ ಇಲ್ಲ.

ನೀರು ಬರುತ್ತಿತ್ತು. ಮರಿನಿಸ್ ಅದು ಗರ್ಜಿಸುತ್ತದೆ ಎಂದು ಕಾದಿದ್ದ, ಅದು ಗರ್ಜಿಸಲಿಲ್ಲ. ಹೊಸದಾಗಿ ಕೊಂಡು ತಂದ ಹಸು ಕೊಟ್ಟಿಗೆ ಹುಡುಕುವ ಹಾಗೆ, ಅಲ್ಲಲ್ಲಿ ನಿಂತು, ಮೂಸಿ, ನೇಗಿಲ ಸಾಲುಗಳಿಗೆ ಇಳಿದು, ಒಂದೊಂದೇ ಸಾಲು ತುಂಬಿಕೊಂಡು ಬಂತು. ಆದರೂ ಅವನು ಒಂದು ಹೆಜ್ಜೆ ಹಿಂದೆ ಸರಿದ. ಪಕ್ಕದಲ್ಲಿ ಲೌರಿನಾ ಕೋಟಿನ ಗುಂಡಿಯನ್ನು ಹಿಡಿದುಕೊಂಡ ಬೆರಳು ಬೆಳ್ಳಗಾಗಿತ್ತು.

"ಮನೆಗೆ ಹೋಗ್ತೀಯಾ?" ಎಂದು ಅವನು ಕೇಳಿದ.

"ನೀನು?"

"ಇಲ್ಲ."

ಇಬ್ಬರೂ ನಿಂತೇ ಇದ್ದರು. ಹೊಲ ಮುಚ್ಚಿತು. ನೀರು ಹೊಸ ಒಡ್ಡಿನ ಬುಡಕ್ಕೆ ಬಂದು, ಅಲ್ಲಿ ನಿಂತಿತು. ಲೌರಿನಾ ಬುಟ್ಟಿಯಿಂದ ಬ್ರೆಡ್ಡು ಚೀಸು ತೆಗೆದಳು. ಗಾಳಿಗೆ ಬೆನ್ನು ಕೊಟ್ಟು ಕೂತು ತಿಂದರು. ಬೂದು ನೀರಿನ ಮೇಲೆ ಬಿಸಿಲು ಒಮ್ಮೆ ಬಿತ್ತು, ಮತ್ತೆ ಹೋಯಿತು.

ಇಳಿಹೊತ್ತಿನಲ್ಲಿ ಮರಿನಿಸ್ ಎದ್ದು ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಒಡ್ಡಿನ ಬುಡದಲ್ಲಿ ಬೆರಳಗಲದ ಒದ್ದೆ ಗೆರೆ ಕಾಣುತ್ತಿತ್ತು. ನೋಡುತ್ತಿದ್ದಂತೆ ಗೆರೆ ಅಗಲವಾಯಿತು. ನೇಗಿಲ ಸಾಲುಗಳ ಬೆನ್ನು ಒಂದೊಂದಾಗಿ ಮೇಲೆದ್ದವು, ಅವುಗಳ ಮೇಲೆ ತೆಳ್ಳನೆಯ, ನುಣ್ಣನೆಯ ಹೊಸ ಹೂಳು. ಐವತ್ಮೂರರಲ್ಲಿ ಒಳಗೆ ಬಂದ ನೀರು ತಿಂಗಳುಗಟ್ಟಲೆ ಕದಲಿರಲಿಲ್ಲ. ಹೋಗಲು ಅದಕ್ಕೆ ದಾರಿಯೇ ಇರಲಿಲ್ಲ. ಅಂದಿನಿಂದ ಅವನ ಮನಸ್ಸಿನಲ್ಲಿ ನೀರೆಂದರೆ ಬರುವುದಷ್ಟೇ. ಊರಿನ ಹೊಲಗಳಿಂದ ಅದು ತಾನಾಗಿ ಹಿಂದಿರುಗುವುದನ್ನು ಅವನು ಎಂದೂ ನೋಡಿರಲಿಲ್ಲ.

"ಹೋಗ್ತಾ ಇದೆ" ಎಂದ ಮೆಲ್ಲಗೆ.

"ರಾತ್ರಿ ಮತ್ತೆ ಬರುತ್ತೆ" ಎಂದಳು ಲೌರಿನಾ.

ಮರಿನಿಸ್ ಅವಳ ಪಕ್ಕ ಕೂತ.

"ಬರಲಿ" ಎಂದ.